ಅಕ್ಕನ ಜೊತೆ ಹಳೆ ಪುಸ್ತಕದ ಬೇಟೆ: ಮಂಗಳೂರು, ಉಡುಪಿ ಕಡೆಯವರು ನಿಮ್ಮ ಅನುಭವ ಹೇಳಿ

ಇಂದ್ರಾಳಿಯ ತಂಗಿ, ಶನಿವಾರ ರಾತ್ರಿ 9.40

ಈಗಷ್ಟೇ ಮನೆಗೆ ಬಂದೆ. ಕೈಯೆಲ್ಲ ಧೂಳು, ಚೀಲದಲ್ಲಿ ಹನ್ನೊಂದು ಪುಸ್ತಕ. ಊಟಕ್ಕೆ ಮೊದಲು ಇಲ್ಲಿ ಬರೆದುಬಿಡೋಣ ಅನ್ನಿಸಿತು.

ತಿಂಗಳಿಗೆ ಒಂದು ಶನಿವಾರ ನಾನು ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತೇನೆ. ಅಕ್ಕ ಕುಲಶೇಖರದಿಂದ ಸಿಟಿ ಬಸ್ಸಿನಲ್ಲಿ ಬರುತ್ತಾಳೆ. ಹಂಪನಕಟ್ಟೆಯಲ್ಲಿ ಸೇರಿ ಒಂದು ಚಾ, ಒಂದೊಂದು ಬನ್ಸ್. ಆಮೇಲೆ ಹಳೆ ಪುಸ್ತಕ ಹುಡುಕುವುದು. ಅವಳ ಮದುವೆಯಾದ ಮೇಲೆ ಶುರುವಾದ ಕ್ರಮ ಇದು. ಅವಳ ಮನೆಗೆ ನಾನು ಹೋದರೆ ಅವಳು ಅಡುಗೆಮನೆಯಲ್ಲಿ. ಅವಳು ಇಲ್ಲಿಗೆ ಬಂದರೆ ಅಮ್ಮನ ಹತ್ತಿರ. ಪುಸ್ತಕದ ರಾಶಿಯ ಮುಂದೆ ಕೂತಾಗ ಮಾತ್ರ ಅವಳು ಪೂರ್ತಿ ನನಗೆ ಸಿಗುತ್ತಾಳೆ.

ಮೊದಲ ಎರಡು ವರ್ಷ ಫುಟ್‌ಪಾತ್ ಮತ್ತು ಹಳೆ ಪುಸ್ತಕದ ಅಂಗಡಿಗಳಿಗೆ ಮಾತ್ರ ಹೋಗುತ್ತಿದ್ದೆವು. ಅಲ್ಲಿ ಇಂಗ್ಲಿಷ್ ಕಾದಂಬರಿ, ಸಿಇಟಿ ಗೈಡು, ಇಂಜಿನಿಯರಿಂಗ್ ಪುಸ್ತಕ ಬೇಕಾದಷ್ಟು. ಕನ್ನಡ ಕೇಳಿದರೆ ಮೂಲೆಯಲ್ಲಿರುವ ಒಂದು ಕಟ್ಟು ತೋರಿಸುತ್ತಾರೆ. ನಮ್ಮೂರಿನ ಮನೆಗಳಲ್ಲಿ ಇದ್ದ ಕನ್ನಡ ಪುಸ್ತಕಗಳೆಲ್ಲ ಎಲ್ಲಿ ಹೋದವು ಹಾಗಾದರೆ? ಅಕ್ಕ ಹೇಳಿದಳು, ಗುಜರಿಗೆ. ಹಿರಿಯರು ತೀರಿಕೊಳ್ಳುತ್ತಾರೆ, ಮನೆ ಮಾರುತ್ತಾರೆ, ಮಕ್ಕಳು ಫ್ಲ್ಯಾಟಿಗೆ ಹೋಗುತ್ತಾರೆ. ಕಪಾಟು ಖಾಲಿ ಮಾಡುವಾಗ ಪುಸ್ತಕವೂ ಪೇಪರಿನ ಜೊತೆ ತಕ್ಕಡಿಗೆ ಹೋಗುತ್ತದೆ. ಲೋಡ್ ಆಗುವಷ್ಟು ರದ್ದಿ ಸೇರಿದ ಕೂಡಲೇ ಲಾರಿ ಬರುತ್ತದೆ. ಅಷ್ಟರೊಳಗೆ ನಾವು ಅಲ್ಲಿರಬೇಕು.

ಇವತ್ತು ಬಂದರಿನ ಒಳ ಓಣಿಯ ಒಂದು ಗುಜರಿ ಅಂಗಡಿಯಲ್ಲಿ ಎರಡೂವರೆ ಗಂಟೆ ಕೂತಿದ್ದೆವು. ಅಂಗಡಿಯವರು ನಮಗೆ ಈಗ ಪರಿಚಯ. ಎರಡು ಖಾಲಿ ಪೈಂಟಿನ ಬಕೆಟ್ ಕವುಚಿ ಹಾಕಿ ಕೂರಿಸುತ್ತಾರೆ. ಅಕ್ಕ ಒಂದೊಂದೇ ಪುಸ್ತಕ ತೆಗೆದು ಮೊಣಕಾಲಿಗೆ ಮೆಲ್ಲ ಕುಟ್ಟುತ್ತಾಳೆ. ಹುಳ ಇದ್ದರೆ ಹಿಟ್ಟಿನ ಹಾಗೆ ಪುಡಿ ಉದುರುತ್ತದೆ. ಆಮೇಲೆ ನಡುವಿನ ಹಾಳೆ ಬಿಡಿಸಿ ಮೂಸುತ್ತಾಳೆ. ಮುಖಪುಟ ನೋಡುವುದು ಕೊನೆಗೆ.

ಅಂಗಡಿಯ ಒಂದು ಚೀಲದ ತಳದಲ್ಲಿ ಮಕ್ಕಳಿಗಾಗಿ ಬರೆದ ಒಂದು ಪ್ರಾಣಿಗಳ ಪುಸ್ತಕ ಸಿಕ್ಕಿತು. ರಟ್ಟು ಇಲ್ಲ, ಮೊದಲ ನಾಲ್ಕು ಹಾಳೆಯೂ ಇಲ್ಲ. ಪ್ರತಿ ಚಿತ್ರದ ಪಕ್ಕ ಪೆನ್ಸಿಲಿನಲ್ಲಿ ಯಾವುದೋ ಮಗು ತುಳು ಹೆಸರು ಬರೆದಿದೆ. ಹುಲಿಯ ಪಕ್ಕ ಪಿಲಿ. ನರಿಯ ಪಕ್ಕ ಕುದುಕೆ. ಬೆಕ್ಕಿಗೆ ಪುಚ್ಚೆ. ಏಡಿಯ ಪಕ್ಕ ದೆಂಜಿ ಅಂತ ಬರೆದು ಎರಡು ಸಲ ಅಡಿಗೆರೆ ಎಳೆದಿದೆ. ಆನೆಯ ಪಕ್ಕ ಮಾತ್ರ ಏನೂ ಇಲ್ಲ. ಅಕ್ಕ ಅದನ್ನು ಸುಮ್ನೆ ಮಡಿಲಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ನೋಡಿದಳು. ಹನ್ನೆರಡು ರೂಪಾಯಿ ಕೊಟ್ಟೆವು.

ನೀವೆಲ್ಲ ಎಲ್ಲಿ ಹುಡುಕುತ್ತೀರಿ? ಹೇಗೆ ಆರಿಸುತ್ತೀರಿ? ತಂದ ಮೇಲೆ ಮಳೆಗಾಲದಲ್ಲಿ ಹೇಗೆ ಉಳಿಸುತ್ತೀರಿ?

ಬಲ್ಮಠ ರಸ್ತೆ, ಶನಿವಾರ ರಾತ್ರಿ 10.25

ಮೇಡಂ, ಓದಿ ತುಂಬಾ ಖುಷಿಯಾಯ್ತು. ನಾನು ಓದಲು ಕಲಿತದ್ದೇ ಇಲ್ಲಿನ ಅತ್ರಿ ಬುಕ್ ಸೆಂಟರಿನಲ್ಲಿ. ಅದು ಹೊಸ ಪುಸ್ತಕದ ಅಂಗಡಿ, ಆದರೆ ಎಷ್ಟು ಹೊತ್ತು ನಿಂತು ನೋಡಿದರೂ ಯಾರೂ ಏನೂ ಹೇಳುತ್ತಿರಲಿಲ್ಲ. ಜಿ.ಎನ್. ಅಶೋಕವರ್ಧನರು 1975ರಲ್ಲಿ ತೆರೆದು 2012ರಲ್ಲಿ ಮುಚ್ಚಿದರು. ಅಲ್ಲಿಂದ ನಾವು ಕೊಂಡ ಪುಸ್ತಕಗಳೇ ಈಗ ಒಂದೊಂದಾಗಿ ಗುಜರಿಗೆ ಬರುತ್ತಿವೆ. ಮೊನ್ನೆ ಒಂದು ಕಟ್ಟಿನಲ್ಲಿ ಅವರ ಅಂಗಡಿಯ ಸೀಲು ಇರುವ ಪುಸ್ತಕ ಸಿಕ್ಕಿತು. ಮನೆಯಲ್ಲಿ ಅದೇ ಪುಸ್ತಕ ಇದ್ದರೂ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಒಂದು ಎಚ್ಚರಿಕೆ ಹೇಳಬೇಕು. ಮೂರು ವರ್ಷದ ಹಿಂದೆ ಒಬ್ಬ ವ್ಯಾಪಾರಿ ನನಗೆ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಮೂಲ ಪ್ರತಿ ಅಂತ ಹೇಳಿ 4,000 ರೂಪಾಯಿ ತೆಗೆದುಕೊಂಡರು. ಮನೆಗೆ ಬಂದು ನೋಡಿದರೆ ದೆಹಲಿಯಲ್ಲಿ ಮಾಡಿದ ಮರುಮುದ್ರಣ. 1894ರ ಮೂಲವನ್ನು ಮುದ್ರಿಸಿದ್ದು ಇಲ್ಲೇ, ನಮ್ಮ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಮರುಮುದ್ರಣ ಮಾಡುವವರು ಹಳೆ ಶೀರ್ಷಿಕೆ ಪುಟವನ್ನೂ ಹಾಗೆಯೇ ಅಚ್ಚು ಹಾಕಿರುತ್ತಾರೆ. 1894 ಅಂತ ಕಂಡ ಕೂಡಲೇ ನಂಬಬೇಡಿ. ಆ ಹಾಳೆಯ ಹಿಂಭಾಗ ತಿರುಗಿಸಿ, ಬೇರೆ ಪ್ರಕಾಶಕರ ಹೆಸರು ಸಣ್ಣ ಅಕ್ಷರದಲ್ಲಿ ಇದೆಯಾ ನೋಡಿ. ನಾನು ತಿರುಗಿಸಿ ನೋಡಲಿಲ್ಲ.

ಅದೇ ನಿಘಂಟನ್ನು ಮದ್ರಾಸ್ ವಿಶ್ವವಿದ್ಯಾನಿಲಯದವರು ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ತಂದ ನಾಲ್ಕು ಸಂಪುಟಗಳದ್ದು ಬೇರೆಯೇ ಆವೃತ್ತಿ. ಅದು ಬಿಡಿಯಾಗಿ ಸಿಕ್ಕರೂ ತೆಗೆದುಕೊಳ್ಳಿ.

ಕುಲಶೇಖರದ ಅಕ್ಕ, ಶನಿವಾರ ರಾತ್ರಿ 11.05

ನಾನೇ ಅವಳ ಅಕ್ಕ. ಹನ್ನೆರಡು ರೂಪಾಯಿ ಅಲ್ಲ ಪುಟ್ಟಿ, ಹತ್ತು. ಎರಡು ರೂಪಾಯಿ ಚಿಲ್ಲರೆ ಇಲ್ಲ ಅಂತ ಅವರೇ ಬಿಟ್ಟರು. ಅವರ ಒಳ್ಳೆತನ ಲೆಕ್ಕದಲ್ಲಿ ತಪ್ಪಿಹೋಗಬಾರದು.

ಮುಖಪುಟ ಕೊನೆಗೆ ನೋಡುವುದು ಯಾಕೆ ಅಂತ ಹೇಳುತ್ತೇನೆ. ಗುಜರಿಯಲ್ಲಿ ಸಿಗುವ ಅರ್ಧಕ್ಕರ್ಧ ಪುಸ್ತಕಕ್ಕೆ ಮುಖಪುಟವೇ ಇರುವುದಿಲ್ಲ. ಇಸವಿ ಇರುವ ಹಾಳೆಯೂ ಹೋಗಿರುತ್ತದೆ. ಆಗ ಉಳಿದದ್ದರಲ್ಲಿ ಕಾಲ ಹುಡುಕಬೇಕು. ನನಗೆ ಇದು ತುಂಬಾ ಇಷ್ಟದ ಕೆಲಸ.

ಮೊದಲು ಬೆಲೆ. ಹಿಂದಿನ ರಟ್ಟಿನಲ್ಲಿ 1-8-0 ಅಂತ ಇದ್ದರೆ ಒಂದು ರೂಪಾಯಿ ಎಂಟಾಣೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಹಾಗಾಗಿ ಪುಸ್ತಕ ಅದಕ್ಕಿಂತ ಹಿಂದಿನದು. ನ.ಪೈ. ಅಂತ ಇದ್ದರೆ ನಯೇ ಪೈಸೆ. ಆ ಹೆಸರು ನಡೆದದ್ದು 1964ರವರೆಗೆ. ಏಳು ವರ್ಷದ ಕಿಟಕಿ ಅಷ್ಟೇ, ಎಷ್ಟು ಚಂದ ಸಿಗುತ್ತದೆ ನೋಡಿ.

ಆಮೇಲೆ ವಿಳಾಸ. ಪ್ರಕಾಶಕರ ಅಥವಾ ಮುದ್ರಣಾಲಯದ ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಮೈಸೂರು ರಾಜ್ಯ ಅಂತ ಇದ್ದರೆ 1973ರ ನವೆಂಬರ್‌ಗಿಂತ ಮೊದಲಿನದು. ನಮ್ಮ ಜಿಲ್ಲೆಯ ಪುಸ್ತಕಕ್ಕೆ ಇನ್ನೊಂದು ಗುರುತು ಉಂಟು. 1956ರವರೆಗೆ ನಾವು ಮದ್ರಾಸಿಗೆ ಸೇರಿದವರು, ಹಾಗಾಗಿ ಇಲ್ಲಿನ ವಿಳಾಸದಲ್ಲಿ ಮೈಸೂರು ರಾಜ್ಯ ಅಂತ ಇದ್ದರೆ ಅದರ ನಂತರದ್ದು. ಉಡುಪಿಯ ವಿಳಾಸದ ಕೆಳಗೆ ದ.ಕ., ಅಂದರೆ ದಕ್ಷಿಣ ಕನ್ನಡ, ಅಂತ ಇದ್ದರೆ ಹೆಚ್ಚಾಗಿ 1997ಕ್ಕಿಂತ ಹಿಂದಿನದು, ಯಾಕೆಂದರೆ ಉಡುಪಿ ಬೇರೆ ಜಿಲ್ಲೆ ಆದದ್ದು ಆ ವರ್ಷ.

ಆ ಪ್ರಾಣಿಗಳ ಪುಸ್ತಕದ ಹಿಂದಿನ ರಟ್ಟು ಹರಿದ ಕಡೆ ಒಂದು ತುಂಡು ಉಳಿದಿತ್ತು. ಅದರಲ್ಲಿ ನ.ಪೈ. ಅಂತ ಕಂಡಿತು. ಆ ಮಗು ಅದೇ ಸಮಯದಲ್ಲಿ ಬರೆದಿದ್ದರೆ ಈಗ ಎಪ್ಪತ್ತರ ಹತ್ತಿರ ಇರಬಹುದು.

ಲೆಕ್ಕದ ಮಾಸ್ಟ್ರು, ಭಾನುವಾರ ಬೆಳಿಗ್ಗೆ 6.50

ಒಳ್ಳೆ ಮಾಹಿತಿ ಅಕ್ಕ. ಒಂದು ಸಣ್ಣ ತಿದ್ದುಪಡಿ. ಪಿನ್ ಕೋಡ್ ಇದ್ದರೆ 1972ರ ನಂತರದ್ದು ಅನ್ನುವುದು ಸರಿ. ಇಲ್ಲದಿದ್ದರೆ ಹಿಂದಿನದು ಅಂತ ಹೇಳಲು ಆಗುವುದಿಲ್ಲ. ಆಮೇಲೂ ಎಷ್ಟೋ ಮುದ್ರಣಾಲಯದವರು ಬರೀ ಊರಿನ ಹೆಸರು ಹಾಕುತ್ತಿದ್ದರು. ದ.ಕ. ಅನ್ನುವುದೂ ಹಾಗೆಯೇ, ರೂಢಿ ಬೇಗ ಬಿಡುವುದಿಲ್ಲ. ನನ್ನ ಅಣ್ಣ ಇವತ್ತಿಗೂ ಕುಂದಾಪುರದ ಮುಂದೆ ದ.ಕ. ಅಂತಲೇ ಬರೆಯುತ್ತಾನೆ.

ಇನ್ನೊಂದು ವಿಷಯ. ನಾನು ಪುಸ್ತಕ ತಂದ ಕೂಡಲೇ ಒಳಗಿನ ಹೆಸರು, ಪೆನ್ಸಿಲಿನ ಗೀಟು ಎಲ್ಲ ರಬ್ಬರಿನಲ್ಲಿ ಒರೆಸಿ ಶುಚಿ ಮಾಡುತ್ತೇನೆ. ಬೇರೆಯವರ ಖಾಸಗಿ ಬರಹ ನಮ್ಮ ಕಪಾಟಿನಲ್ಲಿ ಯಾಕೆ?

ಕುಲಶೇಖರದ ಅಕ್ಕ, ಭಾನುವಾರ ಬೆಳಿಗ್ಗೆ 7.30

ತಿದ್ದಿದ್ದಕ್ಕೆ ಧನ್ಯವಾದ ಸರ್, ಅದು ಸರಿ. ಒರೆಸುವ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಒಪ್ಪುವುದಿಲ್ಲ. ದಯವಿಟ್ಟು ಒರೆಸಬೇಡಿ. ಒಳಗೆ ಪತ್ರ ಸಿಕ್ಕರೆ, ವಿಳಾಸ ಸಿಕ್ಕರೆ ಅದನ್ನು ಯಾರಿಗೂ ತೋರಿಸದೆ ಇಡೋಣ, ಇಲ್ಲಿ ಫೋಟೋ ಹಾಕುವುದು ಬೇಡ. ಆದರೆ ದೆಂಜಿ ಅಂತ ಬರೆದು ಅಡಿಗೆರೆ ಎಳೆದ ಕೈಯನ್ನು ಒರೆಸಿದರೆ ಉಳಿಯುವುದು ಹರಿದ ಹಾಳೆ ಮಾತ್ರ. ಮುದ್ರಿತ ಭಾಗ ಬೇರೆ ಪ್ರತಿಯಲ್ಲಿ ಸಿಗಬಹುದು. ಈ ಪೆನ್ಸಿಲು ಇನ್ನೆಲ್ಲೂ ಸಿಗುವುದಿಲ್ಲ.

ಪ್ರಸಂಗಪ್ರಿಯ, ಭಾನುವಾರ ಬೆಳಿಗ್ಗೆ 9.15

ಅಕ್ಕನ ಮಾತಿಗೆ ನನ್ನದೂ ಒಂದು ಓಟು. ನಾನು ಹುಡುಕುವುದು ಯಕ್ಷಗಾನ ಪ್ರಸಂಗ ಪುಸ್ತಕ. ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಟಣೆಗಳು, ತೆಳು ಕಾಗದ, ಸಣ್ಣ ಆಕಾರ. ಭಾಗವತರ ಕೈಯಲ್ಲಿ ಇದ್ದ ಪ್ರತಿ ಸಿಕ್ಕರೆ ಪದ್ಯದ ಪಕ್ಕ ರಾಗ, ತಾಳ ಬದಲಿಸಿ ಬರೆದದ್ದು ಇರುತ್ತದೆ. ಎಲ್ಲಿ ಬಿಡಬೇಕು, ಎಲ್ಲಿಂದ ಹಾರಿಸಿ ಹೋಗಬೇಕು ಅಂತ ಗುರುತು ಇರುತ್ತದೆ. ಒಂದು ರಾತ್ರಿಯ ಆಟ ಹೇಗೆ ನಡೆಯಿತು ಅಂತ ಅದರಲ್ಲೇ ತಿಳಿಯುತ್ತದೆ. ಇದನ್ನು ಒರೆಸಿದರೆ ಎಂತ ಉಳಿಯಿತು ಮಾರಾಯ್ರೆ?

ಹಳೆ ಪ್ರಸಂಗ ಸಿಕ್ಕಿದವರು ಮನೆಯಲ್ಲಿ ಇಟ್ಟು ಸುಮ್ಮನಾಗಬೇಡಿ. ಯಕ್ಷವಾಹಿನಿ ಸಂಸ್ಥೆಯವರು ಪ್ರಸಂಗಪ್ರತಿಸಂಗ್ರಹ ಅಂತ ಹಳೆ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ. ನಿಮ್ಮದು ಅಲ್ಲಿ ಇಲ್ಲದಿದ್ದರೆ ತಿಳಿಸಿ, ಪುಸ್ತಕ ನಿಮ್ಮ ಹತ್ತಿರವೇ ಇರಲಿ.

ತುಳು ಹೆಸರಿನ ಆ ಪುಸ್ತಕದ ಬಗ್ಗೆ ಒಂದು ಮಾತು. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದವರೇ ಆರು ಸಂಪುಟಗಳ ತುಳು ನಿಘಂಟು ಮಾಡಿದ್ದು, 1988ರಿಂದ 1997ರ ನಡುವೆ. ನಿಮ್ಮ ಮನೆ ಇಂದ್ರಾಳಿ ಅಂದರೆ ಹತ್ತಿರವೇ ಅಲ್ವಾ? ಒಮ್ಮೆ ತೆಗೆದುಕೊಂಡು ಹೋಗಿ ತೋರಿಸಿ.

ಇಂದ್ರಾಳಿಯ ತಂಗಿ, ಭಾನುವಾರ ಬೆಳಿಗ್ಗೆ 9.50

ಹೌದು, ಇಲ್ಲೇ ಹತ್ತಿರ. ನನಗೆ ಹೊಳೆದೇ ಇರಲಿಲ್ಲ! ಅಕ್ಕ ಬಂದಾಗ ಇಬ್ಬರೂ ಹೋಗುತ್ತೇವೆ.

ಬೆಂದೂರಿನ ಬಾಯಿ, ಭಾನುವಾರ ಮಧ್ಯಾಹ್ನ 12.40

ಚರ್ಚ್ ಮುಗಿಸಿ ಬಂದು ಓದಿದೆ. ಕನ್ನಡ ಲಿಪಿಯಲ್ಲಿರುವ ಕೊಂಕಣಿ ಪುಸ್ತಕಗಳನ್ನೂ ದಯವಿಟ್ಟು ಎತ್ತಿಟ್ಟುಕೊಳ್ಳಿ. ದೂರದಿಂದ ನೋಡಿದರೆ ಕನ್ನಡದ ಹಾಗೇ ಕಾಣುತ್ತವೆ. ಓದಿ ಅರ್ಥವಾಗದೆ ಜನ ಪುನಃ ರಾಶಿಗೆ ಎಸೆಯುತ್ತಾರೆ. ನಮ್ಮ ರಾಕ್ಣೊ ವಾರಪತ್ರಿಕೆ 1938ರಿಂದ ಬರುತ್ತಿದೆ. ನನ್ನ ಅಜ್ಜಿ ವರ್ಷ ವರ್ಷದ್ದು ಹೊಲಿದು ಇಟ್ಟಿದ್ದರು. ಅಜ್ಜಿ ಹೋದ ವರ್ಷ ನಾವು ತಂಗಿ, ಅಕ್ಕ ಎಲ್ಲ ಗಲ್ಫಿನಲ್ಲಿ. ಮನೆ ಖಾಲಿ ಮಾಡಿದವರು ಎಲ್ಲವನ್ನೂ ತೂಕಕ್ಕೆ ಹಾಕಿದರು. ಈಗ ನಾವು ಮೂವರೂ ಊರಿಗೆ ಬಂದಾಗಲೆಲ್ಲ ಹುಡುಕುತ್ತೇವೆ. ಇದುವರೆಗೆ ಎರಡು ಬಿಡಿ ಸಂಚಿಕೆ ಸಿಕ್ಕಿದೆ. ಅಜ್ಜಿಯದ್ದಲ್ಲ, ಹೊಲಿಗೆಯ ತೂತು ಇಲ್ಲ. ಆದರೂ ತಂದೆವು.

ಫುಟ್‌ಪಾತ್ ಅಂಗಡಿಯ ಮಗಳು, ಭಾನುವಾರ ಸಂಜೆ 5.10

ನನ್ನ ಅಪ್ಪ ಮೂವತ್ತು ವರ್ಷ ಹಳೆ ಪುಸ್ತಕ ಮಾರಿದವರು. ನಮ್ಮ ಕಡೆಯದನ್ನೂ ಹೇಳುತ್ತೇನೆ, ಯಾರೂ ಬೇಸರ ಮಾಡಬೇಡಿ.

ನಮ್ಮ ವ್ಯಾಪಾರ ನಿಂತದ್ದೇ ಜೂನ್, ಜುಲೈ ತಿಂಗಳಿನ ಪಠ್ಯಪುಸ್ತಕದ ಮೇಲೆ. ಕಾಲೇಜು ಶುರುವಾಗುತ್ತದೆ, ಮಕ್ಕಳು ಹಳೆಯದು ಕೊಟ್ಟು ಮುಂದಿನ ವರ್ಷದ್ದು ತೆಗೆದುಕೊಂಡು ಹೋಗುತ್ತಾರೆ. ಅದೇ ತಿಂಗಳು ಮಳೆಯೂ ಜೋರು. ಟಾರ್ಪಾಲಿನ ಅಡಿ ಇರುವ ಜಾಗ ಇಷ್ಟೇ ಇಷ್ಟು. ಒಂದು ಕನ್ನಡ ಕಾದಂಬರಿ ಎಂಟು ತಿಂಗಳು ಕೂತರೆ ಆ ಜಾಗದಲ್ಲಿ ಇಡಬಹುದಾಗಿದ್ದ ಹತ್ತು ಗೈಡು ತಪ್ಪಿಹೋಗುತ್ತದೆ. ಅಪ್ಪನಿಗೆ ಕನ್ನಡ ಪುಸ್ತಕ ಅಂದರೆ ಪ್ರಾಣ. ಆದರೂ ಮನೆಗೆ ಅಕ್ಕಿ ತರಬೇಕಿತ್ತು.

ನೀವು ಕನ್ನಡ ಕೇಳಿದಾಗ ಮೂಲೆಯ ಕಟ್ಟು ತೋರಿಸುತ್ತಾರೆ ಅಂದಿರಲ್ಲ, ಆ ಕಟ್ಟನ್ನು ಅಪ್ಪ ಕೇಳುವವರಿಗಾಗಿಯೇ ಇಡುತ್ತಿದ್ದರು. ತಿಂಗಳಿಗೆ ಇಬ್ಬರೋ ಮೂವರೋ ಕೇಳುತ್ತಿದ್ದರು. ಅವರಲ್ಲೂ ಒಬ್ಬರು ನಲವತ್ತು ರೂಪಾಯಿಯ ಪುಸ್ತಕಕ್ಕೆ ಅರ್ಧ ಗಂಟೆ ಚೌಕಾಶಿ ಮಾಡಿ ಇಪ್ಪತ್ತಕ್ಕೆ ಕೇಳುತ್ತಿದ್ದರು. ಕೇಳುವುದನ್ನು ನಿಲ್ಲಿಸಬೇಡಿ. ಬೇಕಾದ ಪುಸ್ತಕದ ಹೆಸರು, ಫೋನ್ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟು ಹೋಗಿ. ಅಪ್ಪ ಅಂಥ ಚೀಟಿಗಳನ್ನು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು. ನಾಲ್ಕು ವರ್ಷ ಬಿಟ್ಟು ಪುಸ್ತಕ ಸಿಕ್ಕಿದಾಗಲೂ ಫೋನ್ ಮಾಡಿದ್ದಾರೆ.

ಕುಲಶೇಖರದ ಅಕ್ಕ, ಭಾನುವಾರ ಸಂಜೆ 6.20

ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಾನೂ ಚೌಕಾಶಿ ಮಾಡಿದವಳೇ. ಇನ್ನು ಮುಂದೆ ಫುಟ್‌ಪಾತಿನಲ್ಲಿ ಕನ್ನಡ ಪುಸ್ತಕಕ್ಕೆ ಹೇಳಿದ ಬೆಲೆಯೇ ಕೊಡುತ್ತೇನೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ರಥಬೀದಿ ಓದುಗ, ಭಾನುವಾರ ರಾತ್ರಿ 8.00

ಗುಜರಿಯಿಂದ ತಂದು ಆನ್‌ಲೈನಿನಲ್ಲಿ ಮಾರುವ ಬಗ್ಗೆ ನಿಮ್ಮ ಅಭಿಪ್ರಾಯ ಏನು? ನಾನು ಮಾಡುತ್ತೇನೆ. ಕೆ.ಜಿ. ಲೆಕ್ಕದಲ್ಲಿ ತಂದದ್ದನ್ನು ಇನ್ನೂರು, ಮುನ್ನೂರಕ್ಕೆ ಕೊಟ್ಟದ್ದೂ ಉಂಟು. ಬೀದರಿನಿಂದ, ಅಮೆರಿಕದಿಂದ ಎಲ್ಲ ಕೇಳುತ್ತಾರೆ. ಲಾರಿ ಹತ್ತಿ ಹೋಗುವುದಕ್ಕಿಂತ ಓದುವವರ ಕೈಗೆ ಹೋದದ್ದು ಒಳ್ಳೆಯದೇ ಅಲ್ವಾ?

ಇಂದ್ರಾಳಿಯ ತಂಗಿ, ಭಾನುವಾರ ರಾತ್ರಿ 8.35

ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ನೀವು ಕೂತು ಆರಿಸಿದ್ದೀರಿ, ಧೂಳು ಒರೆಸಿ ಹೊಲಿದಿದ್ದೀರಿ, ಅದಕ್ಕೆ ಬೆಲೆ ಉಂಟು. ಒಂದೇ ಕೋರಿಕೆ. ಒಳ್ಳೆ ಬೆಲೆ ಬಂದರೆ ಗುಜರಿಯವರಿಗೂ ಸ್ವಲ್ಪ ಕೊಡಿ. ಕನ್ನಡ ಪುಸ್ತಕಕ್ಕೆ ಬೇಡಿಕೆ ಉಂಟು ಅಂತ ಅವರಿಗೆ ಗೊತ್ತಾದರೆ ಅವರೇ ಬೇರೆ ಮಾಡಿ ಇಡುತ್ತಾರೆ. ನಮ್ಮ ಅಂಗಡಿಯವರು ಈಗ ಹಾಗೇ ಮಾಡುತ್ತಾರೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ದಪ್ಪ ರಟ್ಟು ಇದ್ದದ್ದನ್ನೆಲ್ಲ ಒಂದು ಗೋಣಿಗೆ ಹಾಕುತ್ತಾರೆ. ಅದರಲ್ಲಿ ಅರ್ಧ ಬ್ಯಾಂಕಿನ ಲೆಡ್ಜರು ಇರುತ್ತದೆ.

ಲೈಬ್ರರಿ ಮೇಡಂ, ಭಾನುವಾರ ರಾತ್ರಿ 9.30

ನಾನು ನಿವೃತ್ತ ಗ್ರಂಥಪಾಲಕಿ. ಯಾರೂ ಹೇಳದ ಒಂದು ವಿಷಯ ಹೇಳಲೇಬೇಕು.

ಬೆನ್ನಿನ ಮೇಲೆ ಚೀಟಿ ಅಂಟಿಸಿ 894.814 ಅಂತ ಬರೆದದ್ದು ಕಂಡರೆ ಅದು ಯಾವುದೋ ಗ್ರಂಥಾಲಯದ ಕನ್ನಡ ಸಾಹಿತ್ಯದ ಪುಸ್ತಕ. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ ಇರುವ ಸಂಖ್ಯೆ ಅದು. ಕೊನೆಗೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಾದಂಬರಿ, ಕಥೆ. ಅಂಥದ್ದು ಸಿಕ್ಕಿದರೆ ಒಳಗೆ ವಜಾ ಮಾಡಿದ ಮುದ್ರೆ ಉಂಟಾ ನೋಡಿ. ಗ್ರಂಥಾಲಯಗಳು ಹಳೆ ಪುಸ್ತಕ ತೆಗೆದುಹಾಕುವಾಗ ದಾಖಲೆ ಮಾಡಿ ಮುದ್ರೆ ಹಾಕುವುದು ಕ್ರಮ. ಮುದ್ರೆ ಇಲ್ಲದಿದ್ದರೆ ಯಾರೋ ಓದಲು ತಂದು ವಾಪಸ್ ಕೊಡದೆ ಇದ್ದದ್ದು ಆಗಿರಬಹುದು. ಆ ಗ್ರಂಥಾಲಯ ಈಗಲೂ ಇದ್ದರೆ ತೆಗೆದುಕೊಂಡು ಹೋಗಿ ಕೊಡಿ. ಹಾಗೆ ಕೊಡಲು ಬಂದವರನ್ನು ನಾನು ಯಾವತ್ತೂ ಪ್ರಶ್ನೆ ಕೇಳಲಿಲ್ಲ, ಕೂರಿಸಿ ಚಾ ಕೊಟ್ಟಿದ್ದೇನೆ.

ಮಳೆಗಾಲದ ಬಗ್ಗೆ ಕೇಳಿದ್ದೀರಿ. ಹೊರಗಿನಿಂದ ತಂದ ಪುಸ್ತಕವನ್ನು ಆ ದಿನವೇ ಕಪಾಟಿಗೆ ಸೇರಿಸಬೇಡಿ. ನಾನು ಸರ್ವೀಸಿಗೆ ಸೇರಿದ ಮೊದಲ ವರ್ಷ ದಾನಕ್ಕೆ ಬಂದ ಒಂದು ಪೆಟ್ಟಿಗೆಯನ್ನು ನೋಡದೆ ಒಳಗಿಟ್ಟೆ. ಒರಲೆ ಹಿಡಿದು ಒಂದು ಇಡೀ ಸಾಲು ಹೋಯಿತು. ಈಗ ಮನೆಯಲ್ಲಿ ನಾನು ಮಾಡುವುದು ಹೀಗೆ. ಹುಳದ ಸಂಶಯ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದ ಹಾಗೆ ಕಟ್ಟಿ ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇನೆ. ಒದ್ದೆ ಪುಸ್ತಕವನ್ನು ಹೀಗೆ ಇಡಬೇಡಿ, ಒಣಗಿದ್ದು ಮಾತ್ರ. ಹೊರಗೆ ತೆಗೆದ ಮೇಲೆ ಚೀಲ ಕೂಡಲೇ ಬಿಚ್ಚಬಾರದು. ಒಂದು ದಿನ ಹಾಗೇ ಬಿಡಬೇಕು, ಇಲ್ಲದಿದ್ದರೆ ತಣ್ಣಗಿನ ಹಾಳೆಯ ಮೇಲೆ ನೀರು ಕೂರುತ್ತದೆ. ಕಪಾಟನ್ನು ಗೋಡೆಗೆ ತಾಗಿಸಿ ಇಡಬೇಡಿ, ನಮ್ಮ ಊರಿನ ಗೋಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದಿರುತ್ತದೆ. ಪುಸ್ತಕ ಬಿಗಿಯಾಗಿ ತುರುಕಬೇಡಿ. ಫಿನಾಯಿಲ್ ಗುಳಿಗೆ ಮಲಗುವ ಕೋಣೆಯ ಕಪಾಟಿಗೆ ಬೇಡ, ಉಸಿರಿಗೆ ಒಳ್ಳೆಯದಲ್ಲ.

ಸುರತ್ಕಲ್ ಹಾಸ್ಟೆಲ್, ಮಂಗಳವಾರ ರಾತ್ರಿ 10.15

ನಾನು ಬಾಗಲಕೋಟೆಯವಳು, ಇಲ್ಲಿ ಓದಲು ಬಂದು ಎರಡು ವರ್ಷ. ಈ ಚರ್ಚೆ ಓದಿ ಇವತ್ತು ತಂಗಿಗೆ ವಿಡಿಯೋ ಕಾಲ್ ಮಾಡಿ, ಫೋನ್ ಹಿಡಿದುಕೊಂಡೇ ಒಂದು ಗುಜರಿ ಅಂಗಡಿಗೆ ಹೋದೆ. ಅವಳು ಅಲ್ಲಿಂದ ನೋಡುತ್ತಾ ಅದು ತೆಗಿ, ಇದು ತೆಗಿ ಅಂದಳು. ನಾಲ್ಕು ಪುಸ್ತಕ ಸಿಕ್ಕವು. ಒಂದರ ಬೆಲೆ 2-4-0! ಅಂಗಡಿಯಲ್ಲೇ ಕೂಗಿಬಿಟ್ಟೆ. ಆದರೆ ಅದೇ ಪುಸ್ತಕ ಕೆಳಗಿನ ಮೂಲೆಯಲ್ಲಿ ಪೂರ್ತಿ ಒದ್ದೆ. ಹಾಳೆ ಒಂದಕ್ಕೊಂದು ಅಂಟಿದೆ. ಏನು ಮಾಡಲಿ? ಹೇರ್ ಡ್ರೈಯರ್ ಇದೆ.

ಕುಲಶೇಖರದ ಅಕ್ಕ, ಮಂಗಳವಾರ ರಾತ್ರಿ 10.20

ಡ್ರೈಯರ್ ಬೇಡ ತಂಗಿ! ಬಿಸಿಲಿಗೂ ಇಡಬೇಡ, ಹಾಳೆ ಸೊಟ್ಟಗಾಗಿ ಗರಿಗರಿಯಾಗುತ್ತದೆ. ಅಂಟಿದ್ದನ್ನು ಈಗ ಎಳೆಯಬೇಡ. ಫ್ಯಾನಿನ ಕೆಳಗೆ, ಗಾಳಿ ನೇರ ಹೊಡೆಯದ ಹಾಗೆ, ಪುಸ್ತಕ ನಿಲ್ಲಿಸಿ ಸ್ವಲ್ಪ ಬಿಡಿಸಿ ಇಡು. ಬಿಟ್ಟುಕೊಂಡ ಹಾಳೆಗಳ ನಡುವೆ ಏನೂ ಅಚ್ಚಿಲ್ಲದ ಬಿಳಿ ಟಿಶ್ಯೂ ಹಾಕು, ಪೇಪರ್ ಹಾಕಿದರೆ ಮಸಿ ಹಿಡಿಯುತ್ತದೆ. ಮೂರು ಮೂರು ಗಂಟೆಗೆ ಬದಲಿಸು. ಮುಕ್ಕಾಲು ಒಣಗಿದ ಮೇಲೆ ಅಂಟಿದ ಹಾಳೆಗಳು ಹೆಚ್ಚಾಗಿ ತಾವೇ ಸಡಿಲ ಆಗುತ್ತವೆ. ಆಗ ತೆಳು ಸ್ಕೇಲು ಮೆಲ್ಲ ಒಳಗೆ ಹಾಕಿ ಬಿಡಿಸು. ಪೂರ್ತಿ ಒಣಗಿದ ಮೇಲೆ ಎರಡು ದಪ್ಪ ಪುಸ್ತಕದ ನಡುವೆ ಒಂದು ವಾರ ಇಡು.

ಬರುವ ಶನಿವಾರ ನಾವಿಬ್ಬರೂ ಹಂಪನಕಟ್ಟೆಯಲ್ಲಿ ಇರುತ್ತೇವೆ, ಒಂಬತ್ತು ಗಂಟೆಗೆ. ಸುರತ್ಕಲ್‌ನಿಂದ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ ಹತ್ತಿದರೆ ಆಯ್ತು. ನೀನೂ ಬಾ. ನಿನ್ನ ತಂಗಿಯನ್ನು ಫೋನಿನಲ್ಲಿ ಕರೆದುಕೊಂಡು ಬಾ, ಚಾರ್ಜ್ ಪೂರ್ತಿ ಹಾಕಿರು.

ಇಂದ್ರಾಳಿಯ ತಂಗಿ, ಮಂಗಳವಾರ ರಾತ್ರಿ 10.32

ಮೂರನೇ ಬಕೆಟ್ ಇಡಲು ಅಂಗಡಿಯವರಿಗೆ ನಾನು ಹೇಳುತ್ತೇನೆ.